ಫಾಸ್ಟರ್ ಕೇರ್ ಬಿಟ್ಟು ಬರುವ ಯುವಜನರ ಜೊತೆ, ಮನೆಯಿಲ್ಲದವರ ಜೊತೆ ನಿಲ್ಲುವುದು ಹೇಗೆ? ಊರಿನವರಿಗೊಂದು ಸಮಗ್ರ ಮಾರ್ಗದರ್ಶಿ

ಹೆತ್ತವರ ಜೊತೆ ಬೆಳೆದ ಹುಡುಗನಿಗೆ 18 ತುಂಬಿದರೆ ಮನೆಯಲ್ಲಿ ದೊಡ್ಡದಾಗಿ ಏನೂ ಬದಲಾಗುವುದಿಲ್ಲ. ಮಲಗುವ ಕೋಣೆ ಅದೇ, ತಡವಾಗಿ ಬಂದರೆ ಬೈಯುವವರೂ ಅವರೇ. ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಸರ್ಕಾರ ಬೇರೊಂದು ಕುಟುಂಬಕ್ಕೆ ಒಪ್ಪಿಸಿ ಸಾಕಿಸುವ ವ್ಯವಸ್ಥೆಗೆ ಫಾಸ್ಟರ್ ಕೇರ್ ಎನ್ನುತ್ತಾರೆ. ಅಂಥ ಫಾಸ್ಟರ್ ಕುಟುಂಬದಲ್ಲೋ ಮಕ್ಕಳ ನಿಲಯದಲ್ಲೋ ಬೆಳೆದವರಿಗೆ ಹಾಗಲ್ಲ. ಕಾನೂನಿನ ಪ್ರಕಾರ ಅವರು ಆ ದಿನದಿಂದ ದೊಡ್ಡವರು. ಸರ್ಕಾರದ ಜವಾಬ್ದಾರಿ ಕಡಿಮೆಯಾಗುತ್ತದೆ, ಎಷ್ಟೋ ಕಡೆ ಮುಗಿದೇ ಹೋಗುತ್ತದೆ. ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡುವವರು ಯಾರು? ಕೆಲಸ ಹೋದರೆ ಎರಡು ತಿಂಗಳು ಇಟ್ಟುಕೊಳ್ಳುವವರು ಯಾರು? ಜ್ವರ ಬಂದರೆ ಫೋನ್ ಮಾಡುವುದು ಯಾರಿಗೆ?

ಅಮೆರಿಕದ ಇಲಿನಾಯ್, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಫಾಸ್ಟರ್ ಕೇರ್‌ನಿಂದ ಹೊರಬಂದವರ ಬದುಕನ್ನು ಹಲವು ವರ್ಷ ಗಮನಿಸಿದ ಒಂದು ದೊಡ್ಡ ಅಧ್ಯಯನ ಇದೆ. 26 ವರ್ಷ ಆಗುವುದರೊಳಗೆ ಅವರಲ್ಲಿ ಶೇಕಡಾ 31ರಿಂದ 46ರಷ್ಟು ಮಂದಿ ಒಮ್ಮೆಯಾದರೂ ಮನೆಯಿಲ್ಲದೆ ಇದ್ದರು ಎಂಬುದು ಅದರ ಅಂದಾಜು. ಹಾಗಾಗಿ ಫಾಸ್ಟರ್ ಯುವಜನರಿಗೆ ನೆರವಾಗುವ ಕೆಲಸವನ್ನೂ ಬೀದಿಯಲ್ಲಿರುವವರಿಗೆ ನೆರವಾಗುವ ಕೆಲಸವನ್ನೂ ಬೇರೆ ಬೇರೆ ಇಟ್ಟು ನೋಡಬಾರದು ಎಂಬುದು ನನ್ನ ನಂಬಿಕೆ. ಮೊದಲನೆಯದನ್ನು ಸರಿಯಾಗಿ ಮಾಡಿದರೆ ಎರಡನೆಯದು ಅಷ್ಟರಮಟ್ಟಿಗೆ ಹಗುರವಾಗುತ್ತದೆ.

ಐದಾರು ಜನರ ಗುಂಪು ಇಂಥ ಕೆಲಸವನ್ನು ಶುರುಮಾಡಿ ನಿಲ್ಲಿಸದೆ ನಡೆಸುವುದು ಹೇಗೆ ಎಂದು ಮುಂದೆ ಹೇಳುತ್ತೇನೆ. ಒಂದು ದಿನ ಕಂಬಳಿ ಹಂಚಿ ಮನೆಗೆ ಹೋಗುವುದು ಸುಲಭ. ಅದರಿಂದ ಆ ರಾತ್ರಿ ಒಬ್ಬರಿಗೆ ಚಳಿ ಕಡಿಮೆಯಾಗುತ್ತದೆ, ಅದೂ ಬೇಕು. ಆದರೆ ಈ ಜನರಿಗೆ ತಪ್ಪಿಹೋಗಿರುವುದು ವಸ್ತುಗಳಿಗಿಂತ ಹೆಚ್ಚಾಗಿ ನೆಚ್ಚಿಕೊಳ್ಳಬಹುದಾದ ಮನುಷ್ಯರು. ನಿಮ್ಮ ಗುಂಪು ಏನೇ ಮಾಡಿದರೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಲಿ.

ಹೆಜ್ಜೆ 1: ಮೊದಲು ಹೋಗಿ ಕೇಳಿ

ಚೀಲ ತುಂಬಿಸುವ ಮೊದಲು ಕೇಳುವ ಕೆಲಸ ಇದೆ. ನಿಮ್ಮ ಊರಿನಲ್ಲಿ ಈಗಾಗಲೇ ಯಾರು ಏನು ಮಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ಮಕ್ಕಳ ರಕ್ಷಣೆಯ ಇಲಾಖೆ, ಫಾಸ್ಟರ್ ಕುಟುಂಬಗಳ ಸಂಘ, ರಾತ್ರಿ ತಂಗುವ ಆಶ್ರಯ ಕೇಂದ್ರ, ಸರ್ಕಾರಿ ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ಶಾಲಾ ಶಿಕ್ಷಕರು, ಸಾರ್ವಜನಿಕ ಗ್ರಂಥಾಲಯದವರು. ಗ್ರಂಥಾಲಯ ಯಾಕೆ ಅಂತೀರಾ? ಹಗಲು ಹೊತ್ತು ದುಡ್ಡು ಕೊಡದೆ ಕೂರಬಹುದಾದ ಜಾಗಗಳು ತೀರಾ ಕಡಿಮೆ. ಯಾರು ದಿನವಿಡೀ ಬಂದು ಕೂರುತ್ತಾರೆ ಎಂಬುದು ಅಲ್ಲಿಯ ಸಿಬ್ಬಂದಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅವರನ್ನು "ನಾವೇನು ಕೊಡಲಿ" ಎಂದು ಕೇಳಿದರೆ ಮರ್ಯಾದೆಗೆ ಏನಾದರೂ ಹೇಳಿ ಕಳಿಸುತ್ತಾರೆ. ಬೇರೆ ರೀತಿ ಕೇಳಿ. ಜನ ಬಂದು ಕೇಳಿದಾಗ ನೀವು ಜಾಸ್ತಿ ಸಲ "ಇಲ್ಲ" ಅನ್ನಬೇಕಾಗುವುದು ಯಾವುದಕ್ಕೆ? ವಾರದ ಯಾವ ದಿನ, ಯಾವ ಹೊತ್ತಿನಲ್ಲಿ ಎಲ್ಲ ಬಾಗಿಲೂ ಮುಚ್ಚಿರುತ್ತದೆ? ನಿಮ್ಮಲ್ಲಿಗೆ ಬರಲೇ ಆಗದವರು ಯಾರು? ಈ ಮೂರಕ್ಕೆ ಸಿಗುವ ಉತ್ತರದಿಂದಲೇ ನಿಮ್ಮ ಕೆಲಸ ಯಾವುದು ಎಂದು ಅರ್ಧ ಗೊತ್ತಾಗುತ್ತದೆ.

ಇವರಿಗಿಂತ ಮುಖ್ಯವಾಗಿ, ಆ ಬದುಕನ್ನು ಬಾಳಿದವರ ಮಾತು ಕೇಳಿ. ಫಾಸ್ಟರ್ ಕೇರ್‌ನಲ್ಲಿ ಬೆಳೆದು ಈಗ ದುಡಿಯುತ್ತಿರುವವರು, ಬೀದಿಯಲ್ಲಿದ್ದು ಮನೆ ಕಂಡುಕೊಂಡವರು ಗುಂಪಿನಲ್ಲೇ ಇರಲಿ. ಸುಮ್ನೆ ಒಂದು ಸಭೆಗೆ ಕರೆದು ಕಥೆ ಹೇಳಿಸುವುದಲ್ಲ, ತೀರ್ಮಾನ ಮಾಡುವ ಜಾಗದಲ್ಲಿ ಕೂರಿಸಿ. ಅವರ ಸಮಯಕ್ಕೆ ಸಂಭಾವನೆ ಕೊಡಿ. ಬೇರೆ ಸಲಹೆಗಾರರಿಗೆ ಕೊಡುತ್ತೇವೆ, ಅಲ್ವಾ?

ಈ ಹಂತದಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಮನೆಯಿಲ್ಲದವರು ಎಂದರೆ ಫುಟ್‌ಪಾತ್ ಮೇಲೆ ಮಲಗಿದವರು ಮಾತ್ರ ಅಲ್ಲ. ಯುರೋಪಿನಲ್ಲಿ ಬಳಸುವ ವಿಂಗಡಣೆಯೊಂದರಲ್ಲಿ ನಾಲ್ಕು ಬಗೆ ಇವೆ: ಸೂರೇ ಇಲ್ಲದವರು, ಆಶ್ರಯ ಕೇಂದ್ರಗಳಲ್ಲಿ ಇರುವವರು, ಯಾವಾಗ ಹೊರಹಾಕುತ್ತಾರೋ ಎಂಬ ಭಯದಲ್ಲಿ ಇರುವವರು, ವಾಸಕ್ಕೆ ಯೋಗ್ಯವಲ್ಲದ ಜಾಗದಲ್ಲಿ ಇರುವವರು. ಹದಿಹರೆಯದವರು ಹೆಚ್ಚಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಇಂದು ಒಬ್ಬ ಗೆಳೆಯನ ಮನೆ, ನಾಳೆ ಇನ್ನೊಬ್ಬನ ಮನೆ, ನಡುವೆ ಒಂದು ರಾತ್ರಿ ಬಸ್ ನಿಲ್ದಾಣ. ಬೀದಿಯಲ್ಲಿ ಎಣಿಸಲು ಹೋದರೆ ಇವರು ಲೆಕ್ಕಕ್ಕೇ ಸಿಗುವುದಿಲ್ಲ.

ಹೆಜ್ಜೆ 2: ಒಂದೇ ಕೆಲಸ ಆರಿಸಿಕೊಳ್ಳಿ

ಎಲ್ಲವನ್ನೂ ಮಾಡಲು ಹೊರಟ ಗುಂಪುಗಳು ಬೇಗ ಸುಸ್ತಾಗುತ್ತವೆ. ಹೆಜ್ಜೆ 1ರಲ್ಲಿ ಸಿಕ್ಕ ಕೊರತೆಗಳಲ್ಲಿ ಒಂದನ್ನು ಆರಿಸಿ, ಅದನ್ನು ತಪ್ಪದೆ ಮಾಡಿ.

2014ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲೂಕಸ್ ಪ್ಯಾಚೆಟ್, ನಿಕ್ ಮಾರ್ಕೇಸಿ ಎಂಬ ಇಬ್ಬರು ಯುವಕರು ಒಂದು ಹಳೆಯ ವ್ಯಾನಿನೊಳಗೆ ಬಟ್ಟೆ ಒಗೆಯುವ ಮಷೀನ್ ಇಟ್ಟುಕೊಂಡು ಹೊರಟರು. ಆರೆಂಜ್ ಸ್ಕೈ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಕೆಲಸ ಒಂದೇ: ಬಟ್ಟೆ ಒಗೆದು ಒಣಗಿಸಿ ಕೊಡುವುದು. ಬಟ್ಟೆ ಒಗೆಯುವಷ್ಟು ಹೊತ್ತು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದರು. ಆ ಮಾತುಕತೆಯೇ ದೊಡ್ಡ ಸೇವೆ ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೋನೀಸ್ ಸ್ಯಾಂಡೋವಲ್ ಹಳೆಯ ಸಿಟಿ ಬಸ್ಸುಗಳನ್ನು ಸ್ನಾನದ ಮನೆಗಳನ್ನಾಗಿ ಮಾಡಿ ರಸ್ತೆಗಿಳಿಸಿದರು. ಕೊರತೆ ಸಣ್ಣದು ಎಂದು ಯಾರೂ ಗಮನಿಸದ ಕಡೆ ಕೈ ಹಾಕಿದ್ದು ಇವರೆಲ್ಲರ ಹೆಚ್ಚುಗಾರಿಕೆ.

ನಿಮ್ಮ ಕೆಲಸ ಇನ್ನೂ ಚಿಕ್ಕದಾಗಿರಬಹುದು. ಭಾನುವಾರ ಮಧ್ಯಾಹ್ನ ಫೋನ್ ಚಾರ್ಜ್ ಮಾಡಿಕೊಳ್ಳಲು ಒಂದು ಕೋಣೆ ತೆರೆದಿಡುವುದು. ತಿಂಗಳಿಗೊಮ್ಮೆ ದಾಖಲೆಗಳ ಅರ್ಜಿ ತುಂಬಿಸಿಕೊಡುವುದು. ಯಾವುದಾದರೂ ಸರಿ, ದಿನ ಮತ್ತು ಹೊತ್ತು ಬದಲಾಗಬಾರದು. ಮಳೆ ಬಂದರೂ, ಒಬ್ಬರೇ ಬಂದರೂ, ಯಾರೂ ಬರದಿದ್ದರೂ ಬಾಗಿಲು ತೆರೆದಿರಲಿ.

ಹೆಜ್ಜೆ 3: ರಕ್ಷಣೆಯ ನಿಯಮ ಮೊದಲೇ ಬರೆದಿಡಿ

ಒಳ್ಳೆಯ ಮನಸ್ಸಿನ ಜನ ಅವಸರದಲ್ಲಿ ಬಿಟ್ಟುಬಿಡುವ ಹೆಜ್ಜೆ ಇದು. ದಯವಿಟ್ಟು ಬಿಡಬೇಡಿ. ನೆರವು ಬೇಕಾದವರ ಹತ್ತಿರ ಹೋಗಲು ಕೆಟ್ಟ ಉದ್ದೇಶದವರೂ ಸ್ವಯಂಸೇವಕರಾಗುತ್ತಾರೆ.

ಮಕ್ಕಳ ಜೊತೆ, ಹದಿಹರೆಯದವರ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರ ಹಿನ್ನೆಲೆಯನ್ನು ಪೊಲೀಸ್ ದಾಖಲೆಯ ಮೂಲಕ ಪರಿಶೀಲಿಸಿ. ನಿಮ್ಮ ಆಪ್ತ ಗೆಳೆಯರಿಗೂ ರಿಯಾಯಿತಿ ಬೇಡ. 18ರ ಒಳಗಿನವರ ಜೊತೆ ಒಬ್ಬ ದೊಡ್ಡವರು ಮಾತ್ರ ಮುಚ್ಚಿದ ಕೋಣೆಯಲ್ಲೋ ಕಾರಿನಲ್ಲೋ ಇರುವಂತಿಲ್ಲ, ಇಬ್ಬರಿರಬೇಕು. ರಾತ್ರಿ ಹೊತ್ತು ಖಾಸಗಿ ಮೆಸೇಜ್ ಬೇಡ. ಗುಟ್ಟು ಕಾಪಾಡುತ್ತೇನೆ ಎಂದು ಮಾತು ಕೊಡಬೇಡಿ. ಮಗು ಅಪಾಯದಲ್ಲಿದೆ ಎಂದು ಗೊತ್ತಾದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕು, ಇದನ್ನು ಮೊದಲೇ ಆ ಮಗುವಿಗೂ ಹೇಳಿಡಬೇಕು.

ಫೋಟೋ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಫಾಸ್ಟರ್ ಕೇರ್‌ನಲ್ಲಿರುವ ಮಗುವಿನ ಮುಖ, ಹೆಸರು, ಶಾಲೆ ಯಾವುದೂ ಹೊರಗೆ ಹೋಗಬಾರದು. ಹಿಂಸೆ ಕೊಟ್ಟ ಮನೆಯಿಂದ ಬಿಡಿಸಿ ತಂದ ಮಕ್ಕಳು ಅಲ್ಲಿರುತ್ತಾರೆ. ಒಂದು ಫೋಟೋ ಸಾಕು ವಿಳಾಸ ಹುಡುಕಲು. ಬೀದಿಯಲ್ಲಿರುವ ದೊಡ್ಡವರ ವಿಷಯದಲ್ಲೂ ಅಷ್ಟೇ. ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು "ಬೇಡ" ಎಂದು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ದಾನಿಗಳಿಗೆ ತೋರಿಸಬೇಕಾದರೆ ನಿಮ್ಮ ಲೆಕ್ಕದ ಪುಸ್ತಕ ತೋರಿಸಿ.

ಹೆಜ್ಜೆ 4: ವಸ್ತುಗಳನ್ನು ಕೊಡುವುದಾದರೆ

ಫಾಸ್ಟರ್ ಕೇರ್‌ನಲ್ಲಿ ಮಕ್ಕಳು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಅವರ ಸಾಮಾನನ್ನು ಕಸದ ಚೀಲದಲ್ಲಿ ತುಂಬಿ ಕಳಿಸುವುದು ಅಮೆರಿಕದಂಥ ದೇಶದಲ್ಲೂ ಬಹಳ ವರ್ಷ ಮಾಮೂಲಾಗಿತ್ತು. ತನ್ನ ಬಟ್ಟೆ, ಪುಸ್ತಕ, ಗೊಂಬೆ ಎಲ್ಲ ಕಸದ ಚೀಲದಲ್ಲಿ ಹೋಗುವುದನ್ನು ನೋಡಿದ ಮಗು ತನ್ನ ಬಗ್ಗೆ ಏನು ಅಂದುಕೊಳ್ಳುತ್ತದೆ? ಹಾಗಾಗಿ ಗಟ್ಟಿಯಾದ, ಹೊಸ ಬ್ಯಾಗು ಅಥವಾ ಸೂಟ್‌ಕೇಸು ಕೊಡುವುದು ಚಿಕ್ಕ ಕೆಲಸ ಅಲ್ಲ. ಅದರೊಳಗೆ ಆ ಮಗುವಿನ ಅಳತೆಯ ಒಳ ಉಡುಪು, ರಾತ್ರಿ ಬಟ್ಟೆ, ಹಲ್ಲುಜ್ಜುವ ಬ್ರಷ್, ಕೂದಲಿಗೆ ತಕ್ಕ ಬಾಚಣಿಗೆ, ಒಂದು ನೋಟ್ ಪುಸ್ತಕ ಇರಲಿ. ಒಳ ಉಡುಪು ಯಾವತ್ತೂ ಹೊಸದೇ ಆಗಿರಬೇಕು.

ಬೀದಿಯಲ್ಲಿರುವವರಿಗೆ ಅತಿ ಹೆಚ್ಚು ಬೇಕಾಗುವುದು, ದಾನದಲ್ಲಿ ಅತಿ ಕಡಿಮೆ ಬರುವುದು ಕಾಲುಚೀಲ. ದಿನವಿಡೀ ನಡೆಯುವ, ರಾತ್ರಿಯೂ ಶೂ ಬಿಚ್ಚದ ಕಾಲು ಒದ್ದೆಯಾಗಿದ್ದರೆ ಚರ್ಮ ಕೊಳೆಯುತ್ತದೆ. ಸಕ್ಕರೆ ಕಾಯಿಲೆ ಇದ್ದರಂತೂ ಸಣ್ಣ ಗಾಯವೇ ಬೆರಳು ಕಳೆದುಕೊಳ್ಳುವ ಮಟ್ಟಕ್ಕೆ ಹೋಗಬಹುದು. ಇದರ ಜೊತೆಗೆ ಮುಟ್ಟಿನ ಪ್ಯಾಡ್, ನೀರು ತಾಕದ ಫೈಲು ಕವರು, ಟಾರ್ಚು, ಫೋನಿಗೆ ಪವರ್ ಬ್ಯಾಂಕ್. ಫೋನ್ ಐಷಾರಾಮಿ ಎಂದು ಗೊಣಗುವವರಿದ್ದಾರೆ. ಕೆಲಸ ಕೊಡುವವರು ವಾಪಸ್ ಕರೆ ಮಾಡುವುದು, ಆಶ್ರಯ ಕೇಂದ್ರದಲ್ಲಿ ಜಾಗ ಖಾಲಿಯಾದರೆ ತಿಳಿಸುವುದು ಅದಕ್ಕೇ.

ಸಾಧ್ಯವಾದರೆ ತುಂಬಿಸಿಟ್ಟ ಚೀಲ ಕೊಡುವ ಬದಲು ಮೇಜಿನ ಮೇಲೆ ಜೋಡಿಸಿ ಆರಿಸಿಕೊಳ್ಳಲು ಬಿಡಿ. ಎಲ್ಲವನ್ನೂ ಹೊತ್ತುಕೊಂಡೇ ತಿರುಗಬೇಕಾದವರಿಗೆ ಬೇಡದ ವಸ್ತು ಬರೀ ಭಾರ. ನಾವು ಮನೆಯಲ್ಲಿ ಹಾಕಿಕೊಳ್ಳದ ಹರಕಲು ಬಟ್ಟೆಯನ್ನು ಅಲ್ಲಿ ತಂದು ಸುರಿಯಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಹೆಜ್ಜೆ 5: ದಾಖಲೆಗಳು

ನನ್ನ ಮಟ್ಟಿಗೆ ಇದು ಇಡೀ ಮಾರ್ಗದರ್ಶಿಯ ತಿರುಳು. ಗುರುತಿನ ಚೀಟಿ ಇಲ್ಲದಿದ್ದರೆ ಬ್ಯಾಂಕ್ ಖಾತೆ ಇಲ್ಲ. ಖಾತೆ ಇಲ್ಲದಿದ್ದರೆ ಸಂಬಳ ಹಾಕುವ ಕೆಲಸ ಸಿಗುವುದು ಕಷ್ಟ. ಕೆಲಸ ಇಲ್ಲದಿದ್ದರೆ ಬಾಡಿಗೆ ಮನೆ ಇಲ್ಲ. ಮನೆ ಇಲ್ಲದಿದ್ದರೆ ವಿಳಾಸ ಇಲ್ಲ, ವಿಳಾಸ ಇಲ್ಲದಿದ್ದರೆ ಗುರುತಿನ ಚೀಟಿ ಇಲ್ಲ. ಈ ಸುತ್ತನ್ನು ಒಂದು ಕಡೆ ಕತ್ತರಿಸಿದರೆ ಉಳಿದದ್ದು ಸಡಿಲವಾಗುತ್ತದೆ. ಅದಕ್ಕೆ ದೊಡ್ಡ ಹಣ ಬೇಡ. ಅರ್ಜಿ ತುಂಬಲು ಬರುವ, ಸಾಲಿನಲ್ಲಿ ಜೊತೆಗೆ ನಿಲ್ಲಲು ತಾಳ್ಮೆ ಇರುವ ಇಬ್ಬರು ಸಾಕು.

ಅಮೆರಿಕದಲ್ಲಿ 2014ರ ಒಂದು ಕಾನೂನು, 18 ತುಂಬಿ ಫಾಸ್ಟರ್ ಕೇರ್ ಬಿಡುವವರ ಕೈಗೆ ಏನೇನು ಕೊಟ್ಟೇ ಕಳಿಸಬೇಕು ಎಂದು ಪಟ್ಟಿ ಮಾಡಿದೆ: ಜನನ ಪ್ರಮಾಣ ಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ (ಕೆಲಸಕ್ಕೂ ಸರ್ಕಾರಿ ಸೌಲಭ್ಯಕ್ಕೂ ಬೇಕಾಗುವ ಅಲ್ಲಿಯ ಸಂಖ್ಯೆಯ ಕಾರ್ಡ್), ಆರೋಗ್ಯ ವಿಮೆಯ ಮಾಹಿತಿ, ವೈದ್ಯಕೀಯ ದಾಖಲೆ, ಡ್ರೈವಿಂಗ್ ಲೈಸೆನ್ಸ್ ಅಥವಾ ರಾಜ್ಯದ ಗುರುತಿನ ಚೀಟಿ. ಯಾವ ದೇಶದಲ್ಲಿದ್ದರೂ ಈ ಪಟ್ಟಿಯನ್ನು ನಿಮ್ಮ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಅದಕ್ಕೆ ಶಾಲೆಯ ಅಂಕಪಟ್ಟಿಗಳನ್ನೂ, ತಾನು ಸರ್ಕಾರದ ಆರೈಕೆಯಲ್ಲಿ ಬೆಳೆದವನು ಎಂದು ತೋರಿಸುವ ಪತ್ರವನ್ನೂ ಸೇರಿಸಿ. ಎಷ್ಟೋ ವಿದ್ಯಾರ್ಥಿವೇತನ, ವಸತಿ ಯೋಜನೆಗಳಿಗೆ ಆ ಪತ್ರವೇ ಬಾಗಿಲು.

ಕೆಲಸದ ಕ್ರಮ ಹೀಗಿರಲಿ. ಮೊದಲ ಭೇಟಿಯಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಬರೆದುಕೊಳ್ಳಿ. ಜನನ ಪ್ರಮಾಣ ಪತ್ರದಿಂದ ಶುರುಮಾಡಿ, ಉಳಿದವು ಹೆಚ್ಚಾಗಿ ಅದರ ಮೇಲೆ ನಿಂತಿರುತ್ತವೆ. ಅಂಚೆ ಬರಲು ಒಂದು ವಿಳಾಸ ಬೇಕು. ಆಶ್ರಯ ಕೇಂದ್ರವೋ ಸೇವಾ ಸಂಸ್ಥೆಯೋ ತನ್ನ ವಿಳಾಸ ಬಳಸಲು ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಅರ್ಜಿ ಶುಲ್ಕವನ್ನು ಗುಂಪಿನ ನಿಧಿಯಿಂದ ಕಟ್ಟಿ. ಕಚೇರಿಗೆ ಜೊತೆಯಲ್ಲಿ ಹೋಗಿ, ಆದರೆ ಮಾತು ಅವರೇ ಆಡಲಿ. ದಾಖಲೆ ಬಂದ ಮೇಲೆ ಸ್ಕ್ಯಾನ್ ಮಾಡಿ, ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತಿರುವ ಖಾತೆಯಲ್ಲಿ ಇಡಿಸಿ. ಮೂಲ ಪ್ರತಿಯನ್ನು ನೀವು ಇಟ್ಟುಕೊಳ್ಳಬೇಡಿ. ಬೇರೆಯವರ ಗುರುತಿನ ಚೀಟಿ ಕೈಯಲ್ಲಿಟ್ಟುಕೊಂಡವರು ಅವರ ಮೇಲೆ ಹಿಡಿತ ಇಟ್ಟುಕೊಂಡಂತೆಯೇ.

ಹೆಜ್ಜೆ 6: 18ಕ್ಕೆ ಎರಡು ವರ್ಷ ಮೊದಲೇ ಹೆಜ್ಜೆ ಹಾಕಿ

ಯುವಕ ಬೀದಿಗೆ ಬಂದ ಮೇಲೆ ಹುಡುಕುವುದಕ್ಕಿಂತ 16ನೇ ವಯಸ್ಸಿನಲ್ಲಿ ಜೊತೆಯಾಗುವುದು ಎಷ್ಟೋ ಒಳ್ಳೆಯದು.

ಕಾನೂನು ಏನು ಕೊಡುತ್ತದೆ ಎಂದು ಮೊದಲು ತಿಳಿದುಕೊಳ್ಳಿ, ಏಕೆಂದರೆ ಎಷ್ಟೋ ಹಕ್ಕುಗಳು ಕೇಳದಿದ್ದರೆ ಸಿಗುವುದಿಲ್ಲ. ಅಮೆರಿಕದಲ್ಲಿ 2008ರ ಕಾನೂನಿನಿಂದಾಗಿ ರಾಜ್ಯಗಳು ಬಯಸಿದರೆ ಫಾಸ್ಟರ್ ಕೇರ್ ಅನ್ನು 21ರವರೆಗೆ ಮುಂದುವರಿಸಬಹುದು. ಅಲ್ಲಿ 18ರವರೆಗೆ ಫಾಸ್ಟರ್ ಕೇರ್‌ನಲ್ಲಿದ್ದು ಮೆಡಿಕೈಡ್ ಎಂಬ ಸರ್ಕಾರಿ ಆರೋಗ್ಯ ವಿಮೆ ಪಡೆಯುತ್ತಿದ್ದವರಿಗೆ 26 ವರ್ಷದವರೆಗೆ ಆ ಆರೋಗ್ಯ ನೆರವು ಸಿಗುತ್ತದೆ. ಇಂಗ್ಲೆಂಡಿನಲ್ಲಿ 2014ರಿಂದ ಇಬ್ಬರಿಗೂ ಒಪ್ಪಿಗೆಯಾದರೆ 21ರವರೆಗೆ ಅದೇ ಫಾಸ್ಟರ್ ಕುಟುಂಬದಲ್ಲಿ ಉಳಿಯಬಹುದು, 2018ರಿಂದ 25ರವರೆಗೆ ಒಬ್ಬ ಸಲಹೆಗಾರರ ನೆರವನ್ನೂ ಕೇಳಬಹುದು. ಭಾರತದ 2015ರ ಬಾಲನ್ಯಾಯ ಕಾಯ್ದೆಯಲ್ಲಿ 18 ತುಂಬಿ ನಿಲಯ ಬಿಟ್ಟವರಿಗೆ ಅನುಪಾಲನೆಯ, ಅಂದರೆ ಹೊರಬಂದ ಮೇಲೂ ಮುಂದುವರಿಯುವ ಆರೈಕೆಯ ನೆರವಿಗೆ ಅವಕಾಶ ಇದೆ. ನಿಮ್ಮಲ್ಲಿ ಏನಿದೆಯೋ ಅದನ್ನು ಸರಳ ಭಾಷೆಯಲ್ಲಿ ಒಂದೇ ಪುಟದಲ್ಲಿ ಬರೆದು ಆ ಯುವಜನರ ಕೈಗೆ ಕೊಡಿ. ಗುಂಪಿನ ಮೊದಲ ಕೆಲಸ ಇದೇ ಆದರೂ ಸಾಕು.

ಆಮೇಲೆ ಜೊತೆಗಾರರು, ಅಂದರೆ ಮೆಂಟರ್‌ಗಳು. ಇಲ್ಲಿ ಒಂದು ಗಟ್ಟಿ ನಿಯಮ: ಕನಿಷ್ಠ ಒಂದು ವರ್ಷ ಇರಲು ಆಗದವರು ಬೇಡ. ಕೆಲವೇ ತಿಂಗಳಲ್ಲಿ ಮುರಿದುಬಿದ್ದ ಇಂಥ ಸಂಬಂಧ ಮಕ್ಕಳ ಆತ್ಮವಿಶ್ವಾಸವನ್ನು ಮೊದಲಿದ್ದದ್ದಕ್ಕಿಂತ ಕೆಳಗೆ ತಳ್ಳಬಹುದು ಎಂದು ಸಂಶೋಧನೆಗಳು ತೋರಿಸಿವೆ. ಮನೆಯಿಂದ ಮನೆಗೆ ಸಾಗಿಬಂದ ಮಗುವಿಗೆ ಇನ್ನೊಬ್ಬರು ಬಿಟ್ಟುಹೋಗುವ ನೋವು ಕೊಡಬೇಡಿ. ಮೊದಲ ತಿಂಗಳುಗಳಲ್ಲಿ ಅವರು ಸುಮ್ಮನಿರಬಹುದು, ಒರಟಾಗಿ ಮಾತಾಡಬಹುದು, ಬರುತ್ತೇನೆ ಎಂದು ಹೇಳಿ ಬರದೇ ಇರಬಹುದು. ನೀವು ನಿಲ್ಲುತ್ತೀರೋ ಓಡುತ್ತೀರೋ ಎಂದು ಅವರು ನೋಡುತ್ತಿರುತ್ತಾರೆ. ಮುಂದಿನ ವಾರ ಹೇಳಿದ ಹೊತ್ತಿಗೆ ಅಲ್ಲೇ ಇರಿ.

ಅವರಿಗೆ ಉಪದೇಶ ಬೇಡ, ಜೊತೆಯಲ್ಲಿ ಮಾಡಿ ಕಲಿಯುವ ಅವಕಾಶ ಬೇಕು. ಬಾಡಿಗೆ ಕರಾರು ಓದುವುದು, ಸಂಬಳದ ಚೀಟಿಯಲ್ಲಿ ಯಾವ ಹಣ ಯಾಕೆ ಕಡಿತವಾಗಿದೆ ಎಂದು ನೋಡುವುದು, ವೈದ್ಯರ ಬಳಿ ಸಮಯ ತೆಗೆದುಕೊಳ್ಳುವುದು, ಸಾಲದ ಬಲೆ ಗುರುತಿಸುವುದು. ಅವರ ಹೆಸರಿನಲ್ಲಿ ಬೇರೆ ಯಾರಾದರೂ ಸಾಲ ಮಾಡಿದ್ದಾರೆಯೇ ಎಂದೂ ಪರೀಕ್ಷಿಸಿ. ಹಲವರ ಕೈ ದಾಟಿಬಂದ ಮಕ್ಕಳ ದಾಖಲೆಗಳು ದುರ್ಬಳಕೆಯಾಗುವುದುಂಟು.

ಎಲ್ಲಕ್ಕಿಂತ ಬೇಗ ಕೊಡಬಹುದಾದದ್ದು ಒಂದಿದೆ. ಎಲ್ಲ ಅರ್ಜಿಗಳಲ್ಲೂ "ತುರ್ತು ಸಂದರ್ಭದಲ್ಲಿ ಯಾರನ್ನು ಸಂಪರ್ಕಿಸಬೇಕು" ಎಂಬ ಖಾನೆ ಇರುತ್ತದೆ. ಅದರಲ್ಲಿ ಬರೆಯಲು ಒಂದು ಹೆಸರು ಇಲ್ಲದವರು ಇವರಲ್ಲಿ ಬಹಳ. ಯೋಚಿಸಿ ಒಪ್ಪಿಕೊಳ್ಳಿ, ಒಪ್ಪಿದರೆ ನಡುರಾತ್ರಿ ಫೋನ್ ಬಂದರೂ ಎತ್ತಿ.

ಹೆಜ್ಜೆ 7: ಸೂರು

1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ರೂಢಿಯನ್ನು ತಲೆಕೆಳಗು ಮಾಡಿದರು. ಕುಡಿತ ಬಿಡು, ಚಿಕಿತ್ಸೆ ತೆಗೆದುಕೊ, ಯೋಗ್ಯ ಎಂದು ತೋರಿಸು, ಆಮೇಲೆ ಮನೆ ಕೊಡುತ್ತೇವೆ ಎಂಬುದು ರೂಢಿ. ಅವರು ಮೊದಲು ಮನೆ ಕೊಟ್ಟರು, ಉಳಿದ ನೆರವನ್ನು ಮನೆಗೇ ತಂದರು. ಹೌಸಿಂಗ್ ಫಸ್ಟ್ ಎಂದು ಇದಕ್ಕೆ ಹೆಸರು. ಕೆನಡಾದ ಐದು ನಗರಗಳಲ್ಲಿ 2000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಹೀಗೆ ಮನೆ ಪಡೆದವರು ಮಾಮೂಲಿ ನೆರವು ಪಡೆದವರಿಗಿಂತ ಎಷ್ಟೋ ಹೆಚ್ಚು ದಿನ ಮನೆಯಲ್ಲಿ ಉಳಿದರು. ಫಿನ್ಲೆಂಡ್ 2008ರಿಂದ ಇದನ್ನೇ ದೇಶದ ನೀತಿ ಮಾಡಿಕೊಂಡು, ಹಳೆಯ ತಂಗುದಾಣಗಳನ್ನು ಬಾಡಿಗೆ ಮನೆಗಳಾಗಿ ಬದಲಿಸಿತು.

ಸಣ್ಣ ಗುಂಪು ಕಟ್ಟಡ ಕಟ್ಟಲಾಗದು, ನಿಜ. ಆದರೆ ಅಡ್ವಾನ್ಸ್ ನಿಧಿ ಇಡಬಹುದು: ಹಣ ಮನೆಯ ಮಾಲೀಕರಿಗೆ ನೇರ ಹೋಗಿ, ಮನೆ ಬಿಟ್ಟಾಗ ನಿಧಿಗೆ ಮರಳಿ ಇನ್ನೊಬ್ಬರಿಗೆ ಬಳಕೆಯಾಗುತ್ತದೆ. ಮಾಲೀಕರ ಜೊತೆ ಮಾತಾಡಿ, ತೊಂದರೆ ಬಂದರೆ ಮೊದಲು ನಮಗೆ ಫೋನ್ ಮಾಡಿ ಎಂದು ಹೇಳಬಹುದು. ಎಷ್ಟೋ ಮಾಲೀಕರಿಗೆ ಬೇಕಾಗಿರುವುದು ಇಂಥ ಒಂದು ನಂಬರ್ ಅಷ್ಟೇ. ಮನೆ ಸಿಕ್ಕ ದಿನ ಹಾಸಿಗೆ, ಪಾತ್ರೆ, ಬಕೆಟ್ಟು, ಪರದೆ, ಬೀಗ ತಲುಪಿಸಬಹುದು. ಬ್ರಿಟನ್ನಿನಲ್ಲಿ 1987ರಲ್ಲಿ ಶುರುವಾದ ನೈಟ್‌ಸ್ಟಾಪ್ ವ್ಯವಸ್ಥೆಯಲ್ಲಿ ತರಬೇತಿ ಪಡೆದ ಕುಟುಂಬಗಳು ತಮ್ಮ ಮನೆಯ ಖಾಲಿ ಕೋಣೆಯಲ್ಲಿ ಯುವಜನರಿಗೆ ತುರ್ತಾಗಿ ರಾತ್ರಿ ತಂಗಲು ಜಾಗ ಕೊಡುತ್ತವೆ. ಇದನ್ನು ಮಾತ್ರ ಅನುಭವಿ ಸಂಸ್ಥೆಯ ಜೊತೆ ಸೇರಿಯೇ ಮಾಡಿ, ಸ್ವಂತವಾಗಿ ಬೇಡ.

ಹೆಜ್ಜೆ 8: ಬೀದಿಯಲ್ಲಿ ಮಾತಾಡಿಸುವಾಗ

ಇಬ್ಬರು ಹೋಗಿ, ಗುಂಪು ಕಟ್ಟಿಕೊಂಡು ಹೋಗಬೇಡಿ. ಮಲಗಿದವರನ್ನು ಮುಟ್ಟಿ ಎಬ್ಬಿಸಬೇಡಿ. ನಿಮ್ಮ ಹೆಸರು ಹೇಳಿ, ಕೂತವರ ಜೊತೆ ಕೂತು ಮಾತಾಡಿ. "ಯಾಕೆ ಹೀಗಾಯಿತು" ಎಂದು ಕೇಳುವ ಹಕ್ಕು ನಮಗಿಲ್ಲ. ಅವರು ಬೇಡ ಎಂದರೆ ಸರಿ ಎಂದು ಹೊರಡಿ, ಮುಂದಿನ ವಾರ ಮತ್ತೆ ನಮಸ್ಕಾರ ಹೇಳಿ. ಅವರ ಸಾಮಾನು ಕಸದಂತೆ ಕಂಡರೂ ಅದು ಅವರ ಮನೆ, ಸರಿಸಬೇಡಿ. ನಾಯಿ ಇದ್ದರೆ ಅದಕ್ಕೂ ಏನಾದರೂ ಇರಲಿ. ನಾಯಿಯನ್ನು ಬಿಟ್ಟು ಬರಲಾರೆ ಎಂದೇ ಆಶ್ರಯ ಬೇಡವೆನ್ನುವವರಿದ್ದಾರೆ.

ಪ್ರಥಮ ಚಿಕಿತ್ಸೆ ಎಲ್ಲರೂ ಕಲಿಯಿರಿ. ಕಡು ಬಿಸಿಲಿನಲ್ಲಿ ಮೈ ಸುಡುತ್ತಾ ಮಾತು ತೊದಲಿದರೆ ಆಂಬ್ಯುಲೆನ್ಸ್ ಕರೆದು, ನೆರಳಿಗೆ ತಂದು, ಮೈ ಒದ್ದೆ ಮಾಡಿ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಚಳಿಯಲ್ಲಿ ನಡುಗುತ್ತಿದ್ದವರು ನಡುಕ ನಿಂತು ಮಂಕಾದರೆ ಅದು ಹುಷಾರಾದ ಗುರುತಲ್ಲ, ಅಪಾಯದ ಗುರುತು. ಆಗಲೂ ಆಂಬ್ಯುಲೆನ್ಸ್ ಕರೆಯಿರಿ. ಒದ್ದೆ ಬಟ್ಟೆ ತೆಗೆದು ತಲೆಸಮೇತ ಒಣ ಬಟ್ಟೆ ಹೊದಿಸಿ. ಕೈಕಾಲು ಉಜ್ಜಬೇಡಿ, ಮದ್ಯ ಕೊಡಬೇಡಿ. ಅಫೀಮು ಬಗೆಯ ಮಾದಕ ವಸ್ತು ಹೆಚ್ಚಿರುವ ಊರುಗಳಲ್ಲಿ ಅದು ಮಿತಿಮೀರಿ ಉಸಿರು ನಿಲ್ಲುತ್ತಿರುವವರಿಗೆ ಮೂಗಿನಲ್ಲಿ ಹಾಕುವ ನಲಾಕ್ಸೋನ್ ಔಷಧದ ಸ್ಪ್ರೇ ಬಳಸುವ ತರಬೇತಿಯೂ ಬೇಕು.

ಹೆಜ್ಜೆ 9: ಲೆಕ್ಕ ಮತ್ತು ನಿಮ್ಮ ಜನ

ಹಣಕ್ಕೆ ಬ್ಯಾಂಕ್ ಖಾತೆ, ಇಬ್ಬರ ಸಹಿ, ಪ್ರತಿ ಖರ್ಚಿಗೂ ರಸೀದಿ. ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ. ಎಷ್ಟು ಕಿಟ್ ಹಂಚಿದಿರಿ ಎಂಬುದು ಹೇಳಿಕೊಳ್ಳಲು ಸುಲಭ, ಅದರಿಂದ ತಿಳಿಯುವುದು ಕಡಿಮೆ. ಆರು ತಿಂಗಳ ಮೇಲೂ ಎಷ್ಟು ಜನ ಅದೇ ಮನೆಯಲ್ಲಿದ್ದಾರೆ, ಎಷ್ಟು ಜನರ ಕೈಗೆ ದಾಖಲೆ ಬಂತು, ಎಷ್ಟು ಮೆಂಟರ್‌ಗಳು ವರ್ಷ ಪೂರೈಸಿದರು ಎಂದು ಬರೆದಿಡಿ.

ಸ್ವಯಂಸೇವಕರು ದಣಿಯುತ್ತಾರೆ. ಕೇಳಿದ ಕಥೆಗಳು ರಾತ್ರಿ ನಿದ್ದೆ ಕೆಡಿಸುತ್ತವೆ. ಪ್ರತಿ ಪಾಳಿಯ ಕೊನೆಗೆ ಹತ್ತು ನಿಮಿಷ ಕೂತು ಮಾತಾಡಿ, ರಜೆ ಕೇಳಿದವರಿಗೆ ಪ್ರಶ್ನೆ ಮಾಡದೆ ಕೊಡಿ.

ಮೆಂಟರ್ ಒಬ್ಬರು ಹೊರಡಲೇಬೇಕಾದರೆ ಎರಡು ತಿಂಗಳು ಮೊದಲೇ ಆ ಯುವಕನಿಗೆ ಅವರೇ ಮುಖಾಮುಖಿ ಹೇಳಲಿ. ಹೊಸಬರನ್ನು ಪರಿಚಯಿಸಿ, ಕೆಲವು ವಾರ ಮೂವರೂ ಒಟ್ಟಿಗೆ ಭೇಟಿಯಾಗಲಿ. ತುರ್ತು ಸಂಪರ್ಕದ ಖಾನೆಗಳಲ್ಲಿ ಹಳೆಯ ಹೆಸರಿನ ಜಾಗಕ್ಕೆ ಹೊಸ ಹೆಸರು, ಹೊಸ ನಂಬರ್ ಬರೆಸುವುದನ್ನು ಅದೇ ವಾರ ಮುಗಿಸಿ.